ಚೆನ್ನಿಗರಾಯನ ಮೆಟ್ಟು

ಶನಿವಾರ ಬಂತೆಂದರೆ ಚಿಕ್ಕಮಗಳೂರಿನ ಬೆಟ್ಟಗಳಿಗೆ ಪೇಟೆಯ ಹುಡುಗರ ದಂಡು ಹೊರಡುತ್ತದೆ. ಬೆನ್ನಿಗೆ ಚೀಲ, ಕಾಲಿಗೆ ದಪ್ಪ ಬೂಟು. ಇದಕ್ಕೆ ಚಾರಣ ಅಂತ ಹೆಸರು. ನಮ್ಮ ಕೇರಿಯಲ್ಲಿ ಸುಮ್ಮನೆ ಖುಷಿಗೆ ನಡೆಯೋದು ಅನ್ನುವ ಮಾತೇ ಇರಲಿಲ್ಲ. ನಡೆದರೆ ಕೂಲಿಗೆ, ಸಾವಿನ ಸುದ್ದಿ ಮುಟ್ಟಿಸೋದಕ್ಕೆ, ಇಲ್ಲಾ ಗೌಡರು ಕರೆದರು ಅಂತ.

ಈ ಬೆಟ್ಟಗಳಿಗೆ ನಡೆದವರ ಚರಿತ್ರೆ ಬರೆಯೋದಾದರೆ ಮೊದಲು ಬೇಲೂರಿನ ದೇವರನ್ನೇ ಬರೆಯಬೇಕು. ಬಿ. ಎಲ್. ರೈಸ್ ತನ್ನ 1897ರ ಮೈಸೂರು ಗೆಜೆಟಿಯರಿನಲ್ಲಿ ಈ ಐತಿಹ್ಯ ಬರೆದಿಟ್ಟಿದ್ದಾನೆ. ಚೆನ್ನಿಗರಾಯನ ಮೂರ್ತಿಯನ್ನು ಬಾಬಾಬುಡನ್ ಬೆಟ್ಟದಿಂದ ತಂದರಂತೆ, ದೇವಿಯನ್ನು ಅಲ್ಲೇ ಬಿಟ್ಟರಂತೆ. ಆದ್ದರಿಂದ ಆಗಾಗ ದೇವರು ಹೆಂಡತಿಯನ್ನು ನೋಡಲು ಬೆಟ್ಟಕ್ಕೆ ಹೋಗಬೇಕು. ನಡೆಯೋದಕ್ಕೆ ಮೆಟ್ಟು ಬೇಕು. ಮೆಟ್ಟು ಸವೆದಾಗ ಚನ್ನಗಿರಿ, ಬಸವಾಪಟ್ಟಣಗಳ ಮೆಟ್ಟು ಹೊಲಿಯುವವರಿಗೆ ಕನಸಿನಲ್ಲಿ ತಿಳಿಯುತ್ತದೆ. ಅವರು ಹೊಸ ಜೊತೆ ಹೊಲಿದು ತಂದೊಪ್ಪಿಸಬೇಕು. ಒಪ್ಪಿಸಲೆಂದು ಅವರನ್ನು ಗುಡಿಯ ಅಂಗಳದವರೆಗೆ ಬಿಡುತ್ತಾರೆ.

ದೇವರು ನಡೆದನೋ ಇಲ್ಲವೋ, ನಾವು ವಾದಕ್ಕೆ ಹೋಗೋಲ್ಲ. ಮೆಟ್ಟು ತಂದವರಂತೂ ನಡೆದಿದ್ದಾರೆ. ಬೇಲೂರಿನಿಂದ ಬೆಟ್ಟಕ್ಕೆ ಹೆಚ್ಚುಕಡಿಮೆ 50 ಕಿ.ಮೀ. ಚನ್ನಗಿರಿಯಿಂದ ಬೇಲೂರಿಗೆ 100 ಕಿ.ಮೀ.ಗೂ ಮಿಕ್ಕಿ. ದೇವಿ ಇರುವ ಆ ಬೆಟ್ಟದ ಸಾಲನ್ನೇ ಬಲಕ್ಕೆ ಬಿಟ್ಟುಕೊಂಡು, ಹೆಗಲ ಮೇಲೆ ದೇವರ ಮೆಟ್ಟು ಹೊತ್ತು ನಮ್ಮೋರು ಬಂದಿರಬೇಕು. ಅದಕ್ಕೂ ಮೊದಲು ತೊಗಲನ್ನು ಸುಣ್ಣದಲ್ಲಿ ನೆನೆಹಾಕಿ, ಕೂದಲು ಹೆರೆದು, ತಂಗಡಿ ತೊಗಟೆಯಲ್ಲಿ ಹದ ಮಾಡಿದ್ದು ವಾರಗಟ್ಟಲೆ ಕೆಲಸ. ರೈಸ್ ಬರೆದ ನಾಲ್ಕಾರು ಸಾಲಿನಲ್ಲಿ ಕೂಲಿಯ ಸುದ್ದಿ ಇಲ್ಲ. ಊರಿನ ಬಿಟ್ಟಿಗೆ ತಳವಾರ ಬಂದು ಕೂಗುತ್ತಿದ್ದ. ಈ ಬಿಟ್ಟಿಗೆ ಕನಸು ಬಂದು ಕೂಗಿತು ಅಂತ ನಾವು ಓದಿಕೊಳ್ಳುತ್ತೇವೆ.

ಹೋದ ವರ್ಷ ನಾವು ನಾಲ್ವರು ಅರಸೀಕೆರೆಯಲ್ಲಿ ರೈಲಿಳಿದು, ಜಾವಗಲ್ ಮೇಲೆ ಬಸ್ಸಿನಲ್ಲಿ ಹಳೇಬೀಡಿಗೆ ಬಂದು, ಅಲ್ಲಿಂದ ಬೇಲೂರಿಗೆ 16 ಕಿ.ಮೀ. ನಡೆದೆವು. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಗುಡಿ ಇದು. 2023ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೂ ಸೇರಿತು. ಮದನಿಕೆಗಳ ಕೆಳಗೆ ಶಿಲ್ಪಿಗಳ ಹೆಸರು ಕೊರೆದಿದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಕಲ್ಲು ಕೆತ್ತಿದವನ ಹೆಸರು ಒಂಬೈನೂರು ವರ್ಷ ಉಳಿಯಿತು, ಸಂತೋಷವೇ. ತೊಗಲು ಹೊಲಿದವನದು ಒಂದೂ ಇಲ್ಲ. ಊರಿನ ಹೆಸರಷ್ಟೇ ಇದೆ.

1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಬಂದಮೇಲೆ ಗುಡಿಯ ಬಾಗಿಲಲ್ಲಿ ತಡೆಯುವುದು ಶಿಕ್ಷೆಗೆ ಗುರಿಯಾಗುವ ಅಪರಾಧ. ನಾವು ಎಲ್ಲರಂತೆ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋದೆವು. ಆದರೆ ಕಾಯ್ದೆ ಬಂದ ಎಷ್ಟೋ ವರ್ಷದ ಮೇಲೂ ನಮ್ಮ ಅಪ್ಪಂದಿರು ಮೇಲುಕೇರಿ ದಾಟುವಾಗ ತಾವೇ ಹೊಲಿದ ಎಕ್ಕಡವನ್ನು ಕಂಕುಳಲ್ಲಿ ಇಟ್ಟುಕೊಂಡು ಬರಿಗಾಲಲ್ಲಿ ಹೋದವರು.

ಊರಿಗೆ ಬಂದು, ರಂಪಿಗೆ ಹಿಡಿದೇ ಮುದುಕಾದ ನಮ್ಮ ಕೇರಿಯ ತಾತನಿಗೆ ಈ ಕತೆ ಹೇಳಿದೆವು. ಕನಸಿನ ತನಕ ಸುಮ್ಮನೆ ಕೇಳಿದ. ಆಮೇಲೆ ತಲೆಯೆತ್ತಿ, "ಅಲ್ರಲಾ, ಪಾದ ಮುಟ್ಟಗೊಡದೇ ಇದ್ರೆ ಅಳತೆ ಎಂಗ್ ತಗಂಡ್ರು?" ಅಂದ.

ನಾವು ಮೂರು ವರ್ಷ ಚರಿತ್ರೆ ಓದಿ ಬಿ.ಎ. ಮಾಡಿದವರು. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.