ಕೊನೆಯ 'ಅ'

ಚಿಕ್ಕೋಡಿ ಬಸ್‌ಸ್ಟ್ಯಾಂಡಿನ ಎದುರು ಚಹಾ ಕುಡಿಯುತ್ತ ನಿಂತಿದ್ದೆ. ಪಕ್ಕದಲ್ಲಿ ಇಬ್ಬರು, ಯಾವುದೋ ಸೊಸೈಟಿಯ ರೊಕ್ಕ ನುಂಗಿದ ಡೈರೆಕ್ಟರನ ಸುದ್ದಿ. ಕಿರಿಯವನಿಗೆ ತಡೆಯಲಾರದ ಸಿಟ್ಟು. ಹಿರಿಯ ಬಸಿಯ ಚಹಾ ಸುರ್ರನೆ ಎಳೆದು ಸಮಾಧಾನ ಹೇಳಿದ: "ಬಿಡೋ ತಮ್ಮಾ, ಊರಂದ ಮ್ಯಾಲ ಹೊಲಗೇರಿ ಇರೂದ." ಕಿರಿಯ ತಲೆಯಾಡಿಸಿದ. ಲೋಟ ತೊಳೆಯುತ್ತಿದ್ದ ಹುಡುಗ ತಲೆ ಎತ್ತಲಿಲ್ಲ.

ಅದೇ ವಾರ ಅಥಣಿಯ ವಿದ್ಯಾರ್ಥಿನಿಯೊಬ್ಬಳ ಪತ್ರ ಬಂತು. 'ಸಾಂಸ್ಥಿಕ ಜನಾಂಗಭೇದ' ಎಂದರೇನು ಸರ್, ಗೈಡಿನಲ್ಲಿ 'ಸಂಸ್ಥೆಗಳಲ್ಲಿ ಕಂಡುಬರುವ ಜನಾಂಗಭೇದ' ಎಂದಷ್ಟೇ ಇದೆ ಎಂದು. ಮೊಸರನ್ನವೆಂದರೆ ಮೊಸರು ಹಾಕಿದ ಅನ್ನ ಎಂದ ಹಾಗಾಯಿತು. ಗೈಡು ಬರೆಯುವವರು ಈಗೀಗ ಪದವನ್ನು ಬಿಡಿಸುವುದಿಲ್ಲ, ಮಗುಚಿ ಹಾಕುತ್ತಾರೆ. ಮೇಲಾಗಿ ನಮ್ಮ ಭಾಗದಲ್ಲಿ ಸಂಸ್ಥೆ ಎಂದೊಡನೆ ಯಾರಾದರೊಬ್ಬ ಚೇರ್ಮನ್ನರ ಮುಖ ಕಣ್ಣಿಗೆ ಬರುತ್ತದೆ. ಈ ಪದದ ತೊಡಕೆಂದರೆ ಅದಕ್ಕೆ ಮುಖವೇ ಇಲ್ಲ. 1967ರಲ್ಲಿ ಅಮೆರಿಕದ ಕಾರ್ಮೈಕಲ್ ಮತ್ತು ಹ್ಯಾಮಿಲ್ಟನ್ ತಮ್ಮ ಪುಸ್ತಕದಲ್ಲಿ ಅದನ್ನು ಬಳಕೆಗೆ ತಂದರು. 1999ರಲ್ಲಿ ಮ್ಯಾಕ್‌ಫರ್ಸನ್ ವರದಿ ಲಂಡನ್ ಪೊಲೀಸರಿಗೆ ಅದನ್ನೇ ಅಂಟಿಸಿತು. ಯಾರೂ ಹಲ್ಲು ಕಡಿಯಬೇಕಿಲ್ಲ, ಕಚೇರಿ ಎಂದಿನಂತೆ ನಡೆದರೆ ಸಾಕು, ಅನ್ಯಾಯ ತಾನಾಗಿ ಆಗುತ್ತದೆ.

ನಾನು ಆ ಹುಡುಗಿಗೆ ಲಂಡನ್ ಬಿಟ್ಟು ಚಹಾದಂಗಡಿಯ ಗಾದೆಯನ್ನೇ ಬರೆದು ಕಳಿಸಿದೆ. 'ಇರೂದ' ಎಂಬುದರ ಕೊನೆಯ 'ಅ' ಗಮನಿಸು ಎಂದೆ. ಬೆಂಗಳೂರಿನವರು 'ಇರೋದೇ' ಎಂದು ಏಕಾರ ಎಳೆಯುತ್ತಾರೆ, ನಮಗೆ ಅಷ್ಟೂ ಬೇಡ. ಊರಿಗೆ ಬಾವಿ ಇರೂದ, ಬೇವಿನ ಗಿಡ ಇರೂದ, ಹೊಲಗೇರಿ ಇರೂದ. ಯಾರು ಇಟ್ಟರು? ಯಾರೂ ಇಲ್ಲ. ಇಟ್ಟವನ ಹೆಸರನ್ನು ಆ ಒಂದು ಅಕ್ಷರ ನುಂಗಿಬಿಟ್ಟಿದೆ. ಗಾದೆ ಆಡಿದ ಹಿರಿಯನೂ ಯಾರನ್ನೂ ಬೈದಿರಲಿಲ್ಲ. ಅವನ ಸಿಟ್ಟೆಲ್ಲ ಡೈರೆಕ್ಟರನ ಮೇಲೆ. ಹೊಲಸಿಗೆ ಒಂದು ಹೋಲಿಕೆ ಬೇಕಿತ್ತು, ಊರು ಅದನ್ನು ಮೊದಲೇ ಕಟ್ಟಿಟ್ಟಿತ್ತು.

ಕೇರಿಯ ಬಗ್ಗೆ ನನ್ನದೊಂದು ವಾದವಿದೆ, ಪಂಡಿತರು ಒಪ್ಪದಿದ್ದರೂ ಬಿಡುವವನಲ್ಲ. ಹಳಗನ್ನಡದಲ್ಲಿ ಕೇರಿ ಎಂದರೆ ಬರೀ ಬೀದಿ. ಮಲೆನಾಡಿನಲ್ಲಿ ಇಂದಿಗೂ ಮೇಲಿನಕೇರಿ, ಕೆಳಗಿನಕೇರಿ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ನಮ್ಮ ಕಡೆ ಊರೊಳಗಿನವರು ಓಣಿ, ಗಲ್ಲಿ, ಪೇಟೆ ಎಂದು ಹಂಚಿಕೊಂಡರು. ಕೇರಿಯನ್ನು ಅಗಸಿಯ ಆಚೆ ಬಿಟ್ಟರು. ಮನುಷ್ಯರನ್ನು ಹೊರಗಿಟ್ಟ ಮೇಲೆ ಶಬ್ದವನ್ನೂ ಅವರ ಹಿಂದೆ ಅಟ್ಟಿದರು. ತಮಿಳಿನ 'ಚೇರಿ'ಗೂ ಇದೇ ಗತಿ, ಪುದುಚೇರಿಯಂಥ ಊರ ಹೆಸರುಗಳ ಬಾಲದಲ್ಲಿ ಮಾತ್ರ ಅದು ಮರ್ಯಾದೆಯಿಂದ ಕೂತಿದೆ. ನಿಪ್ಪಾಣಿಯ ಕಡೆ ಮರಾಠಿಯ ಮಹಾರವಾಡಾ ಕೂಡ ಊರ ಗೋಡೆಯ ಹೊರಗೇ. ಎರಡು ಭಾಷೆಯವರು ಗಡಿಗಾಗಿ ಎಷ್ಟು ಜಗಳಾಡಿದ್ದಾರೆ, ಈ ಒಂದು ಗಡಿಯ ಬಗ್ಗೆ ಮಾತ್ರ ತಕರಾರಿಲ್ಲ.

ಆ ನಿಪ್ಪಾಣಿಯಲ್ಲೇ 1925ರ ಏಪ್ರಿಲ್‌ನಲ್ಲಿ ಮುಂಬಯಿ ಪ್ರಾಂತದ ಬಹಿಷ್ಕೃತರ ಪರಿಷತ್ತು ಸೇರಿತ್ತು. ಅಂಬೇಡ್ಕರ್ ಬಂದಿದ್ದರು. ಅದಕ್ಕೆ ಎರಡು ವರ್ಷ ಮೊದಲು, 1923ರಲ್ಲಿ, ಸದಸ್ಯ ಬೋಲೆಯವರು ಮಂಡಿಸಿದ ಠರಾವು ಮುಂಬಯಿ ಶಾಸನಸಭೆಯಲ್ಲಿ ಪಾಸಾಗಿತ್ತು: ಸಾರ್ವಜನಿಕ ಕೆರೆ, ಬಾವಿ, ಶಾಲೆ, ಧರ್ಮಶಾಲೆ ಎಲ್ಲರಿಗೂ ಮುಕ್ತ. ಪಾಲಿಸದ ಮುನ್ಸಿಪಾಲಿಟಿ, ಲೋಕಲ್ ಬೋರ್ಡುಗಳಿಗೆ ಅನುದಾನ ನಿಲ್ಲಿಸಬೇಕೆಂದು 1926ರಲ್ಲಿ ಮತ್ತೊಂದು ಠರಾವು ಮಾಡಬೇಕಾಯಿತು. ಆದೇಶ ಮುಂಬಯಿಯಿಂದ ಬರುತ್ತಿತ್ತು, ಹಗ್ಗ ಬಿಂದಿಗೆ ಊರಿನ ಕೈಯಲ್ಲಿತ್ತು.

ಕೃಷ್ಣೆಯ ದಂಡೆಯ ಅಜ್ಜಿಯ ಊರು ನೆನಪಾಗುತ್ತದೆ. ನೀರಿನ ಟಾಕಿ ಗುಡಿಯ ಹಿಂದೆ, ಪೈಪು ಓಣಿ ಓಣಿ ದಾಟಿ ಕೇರಿಯ ಬಾಯಿಗೆ ನಿಲ್ಲುತ್ತಿತ್ತು. ಕೊನೆಯ ನಳಕ್ಕೆ ನೀರು ಮುಟ್ಟುವ ಹೊತ್ತಿಗೆ ಟಾಕಿ ಬರಿದು. ವಾಲ್ ತಿರುಗಿಸುವ ಕಾಕಾ ಬಲು ಸಾಧು, ಕೇಳಿದರೆ "ನಾ ಏನ್ ಮಾಡ್ಲಿ, ಪೈಪ್ ಹಂಗ ಐತಿ" ಎನ್ನುತ್ತಿದ್ದ. ಸುಳ್ಳಲ್ಲ, ಪೈಪು ಹಾಗೇ ಇತ್ತು.

ಕೇರಿ ಎಂಬ ಶಬ್ದ ಕೆಟ್ಟಿತೆಂದು ಸರಕಾರಿ ಕಾಗದಗಳು ಕಾಲೋನಿ ಎಂಬ ಶಬ್ದಕ್ಕೆ ಬಂದವು. 2024ರಲ್ಲಿ ಕೇರಳ ಆ ಕಾಲೋನಿಯನ್ನೂ ಕಾಗದದಿಂದ ತೆಗೆಸಿತು, ಅದಕ್ಕೂ ಅದೇ ವಾಸನೆ ಅಂಟಿತ್ತು. ಅಜ್ಜಿಯ ಊರಲ್ಲಿ ಈಗ ಫಲಕದ ಮೇಲೆ ನಗರ ಎಂದಿದೆ. ಮೊನ್ನೆ ಹೋದಾಗ ದಾರಿ ಕೇಳಿದೆ. "ನಗರ ಏನ್ರಿ?" ಎಂದವನು ದನಿ ತಗ್ಗಿಸಿ, ಕೈಯಷ್ಟೇ ಅಗಸಿಯ ಆಚೆ ತೋರಿಸಿದ.