ಬೇರೊಂದು ರೂಪ

ರೂಪಾಂತರ

2013ರ ‘ದಿ ಲಾಸ್ಟ್ ಆಫ್ ಅಸ್’ ವಿಡಿಯೋ ಗೇಮ್ 2023ರಲ್ಲಿ ಟಿವಿ ಸರಣಿಯಾದಾಗ ಅಭಿಮಾನಿಗಳು ಎರಡು ಪಾಳೆಯವಾದರು. ಗಾಳಿಯಲ್ಲಿ ತೇಲುವ ಶಿಲೀಂಧ್ರದ ಬೀಜಕಣಗಳು ಮೊದಲ ಸೀಸನ್ನಿನಲ್ಲಿ ಮಾಯವಾಗಿ, ಅವುಗಳ ಜಾಗಕ್ಕೆ ಎಳೆಗಳು ಬಂದವು. ಆಟದಲ್ಲಿ ಒಂಟಿಯಾಗಿ ಉಳಿಯುವ ಬಿಲ್, ಸರಣಿಯಲ್ಲಿ ಸಂಗಾತಿ ಫ್ರಾಂಕ್ ಜೊತೆ ತುಂಬು ಬಾಳು ಬಾಳಿ, ಅವನೊಂದಿಗೇ ಸಾಯುತ್ತಾನೆ. ‘ಇದು ರೂಪಾಂತರವಲ್ಲ, ವಿರೂಪ’ ಎಂದು ಗೆಳೆಯನೊಬ್ಬ ನನ್ನೊಡನೆ ಜಗಳಕ್ಕೇ ನಿಂತ.

ಸಂಸ್ಕೃತದ ‘ಅಂತರ’ಕ್ಕೆ ದೂರ, ನಡುವೆ, ಒಳಗೆ ಎಂಬ ಅರ್ಥಗಳುಂಟು. ಸಮಾಸದ ಕೊನೆಗೆ ಬಂದರೆ ಮಾತ್ರ ಅದು ಹಲವು ಸಲ ‘ಬೇರೊಂದು’ ಎಂದಾಗುತ್ತದೆ: ದೇಶಾಂತರ, ಜನ್ಮಾಂತರ, ಭಾಷಾಂತರ. ರೂಪಾಂತರವೆಂದರೆ ಬೇರೊಂದು ರೂಪ. ಮೂಲದಿಂದ ದೂರ ಸರಿದ ಲೆಕ್ಕವಲ್ಲ. ಮರಾಠಿ, ತೆಲುಗು, ಬಂಗಾಳಿಗಳಲ್ಲೂ ಈ ಪದವಿದೆ. ಹಿಂದಿಯಲ್ಲಿ ‘ರೂಪಾಂತರಣ’ವೂ ಉಂಟು. ಇಂಗ್ಲಿಷಿನ ‘ಅಡಾಪ್ಟೇಷನ್’ ಹುಟ್ಟಿದ್ದು ‘ಹೊಂದುವ’ ಎಂಬರ್ಥದ ಲ್ಯಾಟಿನ್ ‘ಆಪ್ಟಸ್’ನಿಂದ. ಅಲ್ಲಿ ಒಗ್ಗಿಕೊಳ್ಳುವುದು ಮುಖ್ಯ, ನಮ್ಮಲ್ಲಿ ಹೊಸ ಮೈ ತಳೆಯುವುದು.

ಕಂಬಳಿಹುಳು ಚಿಟ್ಟೆಯಾಗುವುದೂ ರೂಪಾಂತರವೇ. ಶಾಲೆಯ ಪಾಠದಲ್ಲಿ ರೂಪಾಂತರ ಶಿಲೆ ಇದೆ. ಕೋವಿಡ್ ಕಾಲ ‘ರೂಪಾಂತರಿ’ಯನ್ನು ಮನೆಮಾತಾಗಿಸಿತು. ರಂಗಭೂಮಿಗಂತೂ ಇದರ ನಂಟು ಹಳೆಯದು. ಕುವೆಂಪು ‘ಹ್ಯಾಮ್ಲೆಟ್’ಅನ್ನು ‘ರಕ್ತಾಕ್ಷಿ’ಯಾಗಿಸಿದರು, ಬಿ.ಎಂ.ಶ್ರೀ. ಸೊಫೋಕ್ಲೀಸನ ‘ಏಜಾಕ್ಸ್’ಗೆ ‘ಅಶ್ವತ್ಥಾಮನ್’ ಎಂಬ ಮಹಾಭಾರತದ ಮೈ ಕೊಟ್ಟರು. ಹೆಸರು, ನೆಲ, ಕಾಲ ಎಲ್ಲವೂ ಬದಲಾದರೂ ಅವು ವಿರೂಪಗಳಲ್ಲ, ರೂಪಾಂತರಗಳೇ.

ಬಿಲ್‌ನ ಕಥೆಗೂ ‘ರೂಪಾಂತರ’ವೇ ಸರಿಯಾದ ಪದ.