ಸೇಲಮ್ಸ್ ಲಾಟ್: ಓದುಗರ ಅಭಿಪ್ರಾಯಗಳು

ಸೇಲಮ್ಸ್ ಲಾಟ್ ಅಮೆರಿಕದ ಲೇಖಕ ಸ್ಟೀಫನ್ ಕಿಂಗ್ (ಜನನ 1947) ಬರೆದ ಭಯಾನಕ ಕಾದಂಬರಿ. 'ಕ್ಯಾರಿ'ಯ (1974) ನಂತರ ಅಚ್ಚಾದ ಅವರ ಎರಡನೆಯ ಕಾದಂಬರಿ. 1975ರ ಅಕ್ಟೋಬರಿನಲ್ಲಿ ಡಬಲ್‌ಡೇ ಪ್ರಕಾಶನ ಹೊರತಂದಿತು. ಮೇನ್ ರಾಜ್ಯದ ಜೆರೂಸಲೆಮ್ಸ್ ಲಾಟ್ ಎಂಬ ಕಲ್ಪಿತ ಊರಿನ ಗುಡ್ಡದ ಮೇಲೆ ಮಾರ್ಸ್‌ಟನ್ ಮನೆ ಪಾಳುಬಿದ್ದಿದೆ. ಅಲ್ಲಿಗೆ ಬಾರ್ಲೋ ಎಂಬ ರಕ್ತಪಿಶಾಚಿ ಬಂದು ನೆಲೆಸುತ್ತದೆ. ಮೊದಲು ಒಬ್ಬ ಹುಡುಗ ಕಾಣೆಯಾಗುತ್ತಾನೆ, ಆಮೇಲೆ ಅವನ ಅಣ್ಣ ಸಾಯುತ್ತಾನೆ, ಮುಂದೆ ಮನೆಯಿಂದ ಮನೆಗೆ ಊರೇ ಬರಿದಾಗುತ್ತದೆ. ಊರಿನ ಹೆಸರು ಬಂದದ್ದು ಕಾಡಿಗೆ ಓಡಿಹೋಗಿ ಪುಂಡಾದ ಜೆರೂಸಲೆಮ್ ಎಂಬ ಹಂದಿಯಿಂದ ಎಂದು ಕಾದಂಬರಿಯೇ ಹೇಳುತ್ತದೆ. ಸೇಲಮ್ಸ್ ಲಾಟ್ ಅದರ ಮೊಟಕು ರೂಪ.

ಹ್ಯಾಂಪ್ಡನ್‌ನ ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದಾಗ ಕಿಂಗ್ ಮಕ್ಕಳಿಗೆ ಬ್ರಾಮ್ ಸ್ಟೋಕರನ 'ಡ್ರಾಕುಲಾ' (1897) ಪಾಠ ಮಾಡುತ್ತಿದ್ದರು. ಡ್ರಾಕುಲಾ ಇಪ್ಪತ್ತನೆಯ ಶತಮಾನದ ಅಮೆರಿಕಕ್ಕೆ ಬಂದರೆ ಏನಾದೀತು ಎಂದು ಮನೆಯಲ್ಲಿ ಊಟದ ಹೊತ್ತಿನಲ್ಲಿ ಎದ್ದ ಮಾತೇ ಕಾದಂಬರಿಯ ಬೀಜ. ಈ ಋಣವನ್ನು ಅವರು ಎಂದೂ ಮುಚ್ಚಿಟ್ಟವರಲ್ಲ. ಹೀಗಾಗಿ ಇದು ಹಳೆಯ ಕಥೆಯ ನಕಲು ಎಂಬ ಆಕ್ಷೇಪ ಓದುಗರಲ್ಲಿ ಹೆಚ್ಚು ಕಾಲ ನಿಲ್ಲಲಿಲ್ಲ. 1976ರ ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿಗೆ ಕೃತಿ ನಾಮನಿರ್ದೇಶನಗೊಂಡಿತ್ತು.

ಓದುಗರು ಮುಖ್ಯವಾಗಿ ಎರಡು ಪಂಗಡವಾಗುವುದು ಕಾದಂಬರಿಯ ನಿಧಾನಗತಿಯ ಬಗ್ಗೆ. ಪಿಶಾಚಿಯ ಸುಳಿವು ಸಿಗುವ ಮೊದಲು ಊರಿನ ಒಂದು ದಿನವನ್ನು ಕಿಂಗ್ ಗಂಟೆ ಗಂಟೆಗೆ ಬಿಡಿಸಿ ಬರೆಯುತ್ತಾರೆ. ನಸುಕಿನ ನಾಲ್ಕು ಗಂಟೆಗೆ ಗ್ರಿಫನ್ ಮನೆಯ ಹುಡುಗರು ಹಾಲು ಕರೆಯಲು ಕೊಟ್ಟಿಗೆಗೆ ಹೋಗುತ್ತಾರೆ. ಆಮೇಲೆ ಹಾಲು ಹಾಕುವವನು, ಶಾಲಾ ಬಸ್ಸಿನ ಡ್ರೈವರ್, ಕಸದ ಗುಂಡಿಯ ಕಾವಲುಗಾರ, ಜಮೀನು ಕೊಡಿಸುವ ದಲ್ಲಾಳಿ, ಹೀಗೆ ಒಬ್ಬೊಬ್ಬರೇ ಬರುತ್ತಾರೆ. ಹೆಸರುಗಳನ್ನು ನೆನಪಿಟ್ಟುಕೊಳ್ಳಲಾಗದೆ ಪುಸ್ತಕವನ್ನು ಅರ್ಧಕ್ಕೇ ಕೆಳಗಿಟ್ಟವರಿದ್ದಾರೆ. ಮೆಚ್ಚಿದವರು ಹೇಳುವುದು ಬೇರೆ: ಇಲ್ಲಿ ನಾಯಕ ಊರಿಗೆ ಮರಳಿದ ಬರಹಗಾರ ಬೆನ್ ಮಿಯರ್ಸ್ ಅಲ್ಲ, ಊರೇ. ಈ ಎರಡನೆಯ ಮಾತೇ ಸರಿ. ಕೊನೆಯಲ್ಲಿ ಹಾಲಿನ ಗಾಡಿ ಬಾರದ ಬೆಳಗು ನಮ್ಮನ್ನು ಕಲಕಬೇಕಾದರೆ, ಅದು ಬರುತ್ತಿದ್ದ ಬೆಳಗುಗಳನ್ನು ನಾವು ಕಂಡಿರಬೇಕು.

ಅನೇಕರನ್ನು ಪಿಶಾಚಿಗಿಂತ ಹೆಚ್ಚಾಗಿ ಕಾಡುವವರು ಊರಿನ ಮನುಷ್ಯರೇ. ಸ್ಯಾಂಡಿ ಮ್ಯಾಕ್‌ಡೂಗಲ್ ಹದಿಹರೆಯದ ತಾಯಿ. ಟ್ರೈಲರ್ ಮನೆಯ ಇಕ್ಕಟ್ಟಿನಲ್ಲಿ, ಅಳು ನಿಲ್ಲಿಸದ ತನ್ನ ಹಸುಗೂಸಿಗೆ ಅವಳು ಹೊಡೆಯುತ್ತಾಳೆ. ಮುಂದೆ ಆ ಕೂಸಿನಲ್ಲಿ ಜೀವವಿಲ್ಲದಾಗ, ಚಮಚದಿಂದ ಬಾಯಿಗೆ ಕಸ್ಟರ್ಡ್ ಇಡುತ್ತಾ ತಿನ್ನು ಎಂದು ಬೇಡಿಕೊಳ್ಳುತ್ತಾಳೆ. ತಾಯಂದಿರಾದ ಮೇಲೆ ಈ ಪುಟಗಳನ್ನು ಎರಡನೆಯ ಸಲ ಓದಲಾಗಲಿಲ್ಲ ಎನ್ನುವವರಿದ್ದಾರೆ. ತಮ್ಮನ್ನು ಹೆದರಿಸಿದ್ದು ಪಿಶಾಚಿಯಲ್ಲ, ಹಗಲು ಹೊತ್ತಿನ ಖಾಲಿ ಊರು ಎಂದು ಕಿಂಗ್ ಸಹ ಹೇಳಿದ್ದಾರೆ. ಬರೆಯುತ್ತಿದ್ದ ಕಾಲಕ್ಕೆ ಟಿವಿಯಲ್ಲಿ ವಾಟರ್‌ಗೇಟ್ ಹಗರಣದ ವಿಚಾರಣೆ ನಡೆಯುತ್ತಿತ್ತು. ಎಲ್ಲರೂ ಏನನ್ನೋ ಬಚ್ಚಿಟ್ಟಿದ್ದಾರೆ ಎಂಬ ಆ ಹೊತ್ತಿನ ಗುಮಾನಿ ಕಾದಂಬರಿಯ ಬಾಗಿಲು ಕಿಟಕಿಗಳ ಹಿಂದೆಲ್ಲ ಇದೆ.

ಭಯದ ಮಾತು ಬಂದರೆ ಓದುಗರು ಮೊದಲು ನೆನೆಯುವುದು ಕಿಟಕಿಯ ದೃಶ್ಯವನ್ನು. ಸತ್ತ ಗೆಳೆಯ ಡ್ಯಾನಿ ಗ್ಲಿಕ್ ರಾತ್ರಿ ಮಾರ್ಕ್ ಪೆಟ್ರಿಯ ಕಿಟಕಿಯ ಹೊರಗೆ ಬಂದು, ಒಳಗೆ ಬಿಟ್ಟುಕೋ ಎನ್ನುತ್ತಾನೆ. ಮಾರ್ಕನ ಕೋಣೆ ಇರುವುದು ಮಹಡಿಯ ಮೇಲೆ. ಹೊರಗೆ ನಿಲ್ಲಲು ನೆಲವಿಲ್ಲ. ಆಟಿಕೆಯ ಸ್ಮಶಾನದಿಂದ ಕಿತ್ತ ಪ್ಲಾಸ್ಟಿಕ್ ಶಿಲುಬೆಯೊಂದೇ ಹುಡುಗನ ಕೈಗೆ ಸಿಗುವ ಆಯುಧ. ಒಳಗಿನವರು ಕರೆಯದೆ ಪಿಶಾಚಿ ಹೊಸ್ತಿಲು ದಾಟುವಂತಿಲ್ಲ ಎಂಬ ನಿಯಮ, ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದದ್ದನ್ನು ಕಂಡ ಕನ್ನಡಿಗರಿಗೆ ಹೊಸದೆನಿಸದು. ಟೋಬ್ ಹೂಪರ್ ನಿರ್ದೇಶನದ 1979ರ ಟಿವಿ ರೂಪಾಂತರದಲ್ಲಿ ಮಂಜಿನ ನಡುವೆ ತೇಲಿ ಬಂದು ಗಾಜು ಕೆರೆಯುವ ಹುಡುಗ ಒಂದು ತಲೆಮಾರಿನ ನಿದ್ದೆ ಕೆಡಿಸಿದ. ಆದರೆ ಅಲ್ಲಿ ಬಾರ್ಲೋನನ್ನು ಮಾತಿಲ್ಲದ ನೀಲಿ ಮುಖದ ವಿಕಾರ ಪ್ರಾಣಿಯಾಗಿಸಿದ್ದನ್ನು ಪುಸ್ತಕದ ಅಭಿಮಾನಿಗಳಲ್ಲಿ ಹಲವರು ಒಪ್ಪಲಿಲ್ಲ. ಪುಸ್ತಕದ ಬಾರ್ಲೋ ನಯವಾಗಿ ಮಾತಾಡಿ ಎದುರಿನವರನ್ನು ಒಲಿಸಿಕೊಳ್ಳುವವನು.

ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಬೆನ್‌ನ ಪ್ರೇಯಸಿ ಸೂಸನ್ ನಾರ್ಟನ್‌ಳ ಪಾತ್ರದ ಬಗೆಗಿನದು. ಓದಿದ, ಸ್ವಂತ ಬುದ್ಧಿಯ ಹೆಣ್ಣಾಗಿ ಬಂದವಳು ಬೆನ್‌ನ ದುಃಖಕ್ಕೆ ಕಾರಣವಾಗಿ ಮುಗಿದುಹೋಗುತ್ತಾಳೆ. ಇದನ್ನು ಅಲ್ಲಗಳೆಯಲಾಗದು. ಇನ್ನೊಂದು ದೂರು ಕಾಲದ್ದು. ಪೇಪರ್‌ಬ್ಯಾಕ್ ಆವೃತ್ತಿಯ ಕಪ್ಪು ಮುಖಪುಟದಲ್ಲಿ ಹೆಸರೂ ಇರಲಿಲ್ಲ, ಇದ್ದದ್ದು ಉಬ್ಬಚ್ಚಿನ ಒಂದು ಮುಖ, ಒಂದು ಹನಿ ರಕ್ತ. ಊರನ್ನು ತಿನ್ನುತ್ತಿರುವುದು ಏನು ಎಂದು ಊಹಿಸುವ ಸುಖ ಆಗಿನವರಿಗಿತ್ತು. ಈಗಿನವರು ಉತ್ತರ ತಿಳಿದೇ ಪುಸ್ತಕ ತೆರೆಯುತ್ತಾರೆ, ಅವರಿಗೆ ಮೊದಲ ಭಾಗ ಇನ್ನಷ್ಟು ಉದ್ದ ಕಾಣುತ್ತದೆ.

ಪಾದ್ರಿ ಕ್ಯಾಲಹನ್ ಮಾತ್ರ ಎರಡೂ ಪಂಗಡಕ್ಕೆ ಬೇಕಾದವನು. ಅವನು ಎತ್ತಿಹಿಡಿದ ಶಿಲುಬೆ ಮೊದಲು ಬೆಳಗುತ್ತದೆ. ಅದನ್ನು ಬಿಸುಟು ನಂಬಿಕೆಯೊಂದರಿಂದಲೇ ಎದುರಿಸು ಎಂದು ಬಾರ್ಲೋ ಸವಾಲು ಹಾಕಿದಾಗ ಕ್ಯಾಲಹನ್ ಒಂದು ಗಳಿಗೆ ತಡೆಯುತ್ತಾನೆ, ಬೆಳಕು ಆರುತ್ತದೆ. ಬಾರ್ಲೋ ಅವನಿಗೆ ತನ್ನ ರಕ್ತ ಕುಡಿಸುತ್ತಾನೆ. ತನ್ನದೇ ಚರ್ಚಿನ ಬಾಗಿಲು ಅವನ ಕೈ ಸುಡುತ್ತದೆ. ಅವನು ಬಸ್ಸು ಹತ್ತಿ ಊರು ಬಿಡುತ್ತಾನೆ, ಮುಂದೆ ಏನಾದ ಎಂದು ಕಾದಂಬರಿ ಹೇಳುವುದಿಲ್ಲ. ಓದುಗರಿಗೆ ಅದು ತಿಳಿದದ್ದು 28 ವರ್ಷಗಳ ಮೇಲೆ. 2003ರಲ್ಲಿ 'ಡಾರ್ಕ್ ಟವರ್' ಮಾಲೆಯ ಐದನೆಯ ಸಂಪುಟ 'ವುಲ್ವ್ಸ್ ಆಫ್ ದಿ ಕಾಲಾ'ದಲ್ಲಿ ಕ್ಯಾಲಹನ್ ಮತ್ತೆ ಕಾಣಿಸಿಕೊಂಡು, ಆ ಬಸ್ಸು ಇಳಿದ ಮೇಲಿನ ಕಥೆಯನ್ನು ತಾನೇ ಹೇಳಿದ.